ನೆಲದಡಿಯ ಅನಿಲಮಾರ್ಗ

ಮಹಾರಾಷ್ಟ್ರದ ಕಡಲತೀರದ ದಾಭೋಳದಿಂದ ಬೆಂಗಳೂರಿನವರೆಗೆ ಸುಮಾರು 1000 ಕಿಲೋಮೀಟರ್ ಉದ್ದದ ಉಕ್ಕಿನ ಕೊಳವೆಮಾರ್ಗವೊಂದು ನೆಲದಡಿಯಲ್ಲಿ ಸಾಗಿಬಂದಿದೆ. 2013ರಲ್ಲಿ ಕಾರ್ಯಾರಂಭ ಮಾಡಿದ ಈ ಮಾರ್ಗವು ಕಾರ್ಖಾನೆಗಳಿಗೂ ಅಡುಗೆಮನೆಗಳಿಗೂ ನೈಸರ್ಗಿಕ ಅನಿಲವನ್ನು ಒದಗಿಸುತ್ತದೆ. ಅಷ್ಟು ದೂರ ಅನಿಲವನ್ನು ನಡೆಸುವ ಬಲ ಯಾವುದು?

ಒತ್ತಡದ ಅಂತರವೇ ಆ ಬಲ. ಒತ್ತಿದಷ್ಟೂ ಅನಿಲದ ಗಾತ್ರ ಕುಗ್ಗುವುದೆಂಬ ಬಾಯ್ಲನ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಒತ್ತಡವನ್ನು 60 ಪಟ್ಟು ಹೆಚ್ಚಿಸಿದರೆ 60 ಘನಮೀಟರ್ ಅನಿಲವು ಸುಮಾರು ಒಂದು ಘನಮೀಟರಿನಲ್ಲಿ ಅಡಗುತ್ತದೆ. ಆದರೆ ಸಾಗುವ ದಾರಿಯಲ್ಲಿ ಘರ್ಷಣೆಯಿಂದ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಂತೆ ಅನಿಲ ಹಿಗ್ಗುತ್ತದೆ. ಹಿಗ್ಗಿದ ಅನಿಲ ಅದೇ ಕೊಳವೆಯಲ್ಲಿ ಹೆಚ್ಚು ವೇಗದಿಂದ ಓಡಬೇಕಾಗುತ್ತದೆ. ವೇಗದೊಡನೆ ಘರ್ಷಣೆಯ ನಷ್ಟವೂ ಬೆಳೆಯುತ್ತದೆ. ಆದುದರಿಂದಲೇ ದೀರ್ಘಮಾರ್ಗಗಳಲ್ಲಿ ಅಲ್ಲಲ್ಲಿ ಸಂಪೀಡಕ ಕೇಂದ್ರಗಳನ್ನಿಟ್ಟು ಅನಿಲವನ್ನು ಮತ್ತೆ ಒತ್ತುತ್ತಾರೆ. ಊರನ್ನು ಸೇರಿದ ಮೇಲೆ ಒತ್ತಡವನ್ನು ಹಂತಹಂತವಾಗಿ ತಗ್ಗಿಸುತ್ತಾರೆ. ಮನೆಯ ಒಲೆಯಲ್ಲಿ ಅದು ವಾಯುಮಂಡಲದ ಒತ್ತಡಕ್ಕಿಂತ ಕೊಂಚವೇ ಅಧಿಕ.

ಈ ಅನಿಲದ ಮುಖ್ಯಾಂಶವಾದ ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15ರಷ್ಟು ಬೆರೆತಾಗ ಕಿಡಿಯೊಂದೇ ಸ್ಫೋಟಕ್ಕೆ ಸಾಕು. 1937ರಲ್ಲಿ ಅಮೆರಿಕದ ಟೆಕ್ಸಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಅಡಿಯಲ್ಲಿ ಯಾರ ಗಮನಕ್ಕೂ ಬಾರದಂತೆ ಸೋರಿ ನಿಂತಿದ್ದ ಅನಿಲವು ಸಿಡಿದು ಸುಮಾರು 300 ಮಂದಿ ಮಡಿದರು. ಅವರಲ್ಲಿ ಬಹುಮಂದಿ ಮಕ್ಕಳು. ಆ ದುರಂತದ ತರುವಾಯ ಅಲ್ಲಿ ಅನಿಲಕ್ಕೆ ದುರ್ಗಂಧದ ವಸ್ತುವನ್ನು ಬೆರೆಸಬೇಕೆಂಬ ಕಾನೂನು ಬಂದಿತು. ಕ್ರಮೇಣ ಆ ಪದ್ಧತಿ ಲೋಕದಲ್ಲೆಲ್ಲ ಹರಡಿತು. ಇಂದು ಮನೆಯ ಅನಿಲದಲ್ಲಿ ನಮ್ಮ ಮೂಗಿಗೆ ತಾಗುವುದು ಮರ್ಕ್ಯಾಪ್ಟನ್ ಮೊದಲಾದ ಗಂಧಕ ಸಂಯುಕ್ತಗಳ ವಾಸನೆ. ಅದು ತಾಗಿದೊಡನೆ ದೀಪದ ಗುಂಡಿಯನ್ನು ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ಬರತಕ್ಕದ್ದು. ಗಾಳಿಗಿಂತ ಹಗುರವಾದ ಮೀಥೇನ್ ಮೇಲೇರಿ ಚದುರಿಹೋಗುವುದು.