ಶಾಸನಚಿತ್ರಗಳ ನಾಮಕರಣ: ‘ಹೊರ್ತಿ’ ಎಂಬ ಊರಹೆಸರಿನ ನಿದರ್ಶನ

ಶಾಸನಗಳ ವ್ಯಾಸಂಗದಲ್ಲಿ ಪಾಠನಿರ್ಣಯಕ್ಕೆ ಎಷ್ಟು ಮಹತ್ತ್ವವುಂಟೋ ಶಾಸನದ ಗುರುತಿಗೂ ಅಷ್ಟೇ ಮಹತ್ತ್ವವುಂಟು. ಎಲ್ಲಿಯದು, ಎಷ್ಟನೆಯದು ಎಂಬುದು ತಿಳಿಯದ ಪಡಿಯಚ್ಚು ಎಷ್ಟೇ ಸ್ಫುಟವಾಗಿದ್ದರೂ ಪ್ರಮಾಣವಾಗಲಾರದು. ಈಗ ಪಡಿಯಚ್ಚುಗಳೂ ಓಲೆಗರಿಗಳೂ ಛಾಯಾಚಿತ್ರಗಳಾಗಿ ಗಣಕಯಂತ್ರವನ್ನು ಸೇರುತ್ತಿರುವುವು. ನೂರಾರು ಚಿತ್ರಗಳಿಗೆ ಕೈಯಿಂದ ಹೆಸರಿಡುವುದು ಶ್ರಮದ ಕಾರ್ಯವಾದುದರಿಂದ ಅದನ್ನು ‘ಸ್ಕ್ರಿಪ್ಟ್’ ಎಂಬ ಆಜ್ಞಾಮಾಲೆಗೆ ಒಪ್ಪಿಸುವುದು ರೂಢಿಯಾಗಿದೆ. ಆ ಹೆಸರು ಹೇಗೆ ಕಟ್ಟಲ್ಪಡುವುದು, ಎಲ್ಲಿ ಕೆಡುವುದು, ಕೆಟ್ಟರೆ ವಿದ್ವಾಂಸರಿಗೆ ಒದಗುವ ಹಾನಿಯೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

೧

ಈ ಸಮಸ್ಯೆ ಗಣಕಯಂತ್ರದಿಂದ ಹುಟ್ಟಿದುದಲ್ಲ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ತಾಲ್ಲೂಕಿನ ಹೆಸರಿನ ಸಂಕ್ಷೇಪವನ್ನೂ ಕ್ರಮಸಂಖ್ಯೆಯನ್ನೂ ಸೇರಿಸಿ ಪ್ರತಿಯೊಂದು ಶಾಸನಕ್ಕೂ ಒಂದು ಗುರುತನ್ನು ಕೊಟ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನೊಳಗೊಂಡ ಬಿಜಾಪುರ ಜಿಲ್ಲೆಯು ೧೯೫೬ರವರೆಗೆ ಮುಂಬಯಿಗೆ ಸೇರಿದ್ದಿತು. ಅಲ್ಲಿಯ ಶಾಸನಗಳು ಆ ಮಾಲೆಗೆ ಸೇರದೆ ಮುಂಬಯಿ-ಕರ್ನಾಟಕ ಸಂಗ್ರಹಕ್ಕೆ ಸೇರಿದುವು. ೧೯೪೦ರಲ್ಲಿ ಪ್ರಕಟವಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಹನ್ನೊಂದನೆಯ ಸಂಪುಟದ ಮೊದಲ ಭಾಗವು ಈ ಸಂಗ್ರಹದ್ದೇ. ಇದರಲ್ಲಿ ಗುರುತು ‘ಬಿ. ಕೆ.’ ಎಂಬ ಅಕ್ಷರಗಳು, ಸಂಖ್ಯೆ, ಪಡಿಯಚ್ಚು ತೆಗೆದ ವರ್ಷ ಎಂಬ ಮೂರು ಅಂಗಗಳುಳ್ಳದ್ದು. ಸಂಖ್ಯೆಯು ವರ್ಷವರ್ಷವೂ ಒಂದರಿಂದ ಮೊದಲಾಗುವುದರಿಂದ ವರ್ಷವನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಹೇಳಿದರೆ ಹಲವು ಶಾಸನಗಳು ಒಂದೇ ಗುರುತಿಗೆ ಬಂದು ನಿಲ್ಲುವುವು. ಗುರುತಿನ ಯಾವ ಅಂಗವೂ ನಿರರ್ಥಕವಲ್ಲವೆಂಬ ಈ ತತ್ತ್ವವೇ ಮುಂದಿನ ವಿವೇಚನೆಗೆ ಆಧಾರ.

೨

ಬೀಜಗಣಿತದಲ್ಲಿ ಬೇರೆ ಬೇರೆ ಬೆಲೆಗಳನ್ನು ತಾಳುವ ಅಕ್ಷರಕ್ಕೆ ಚರಾಕ್ಷರವೆಂದು ಹೆಸರು. ಆಜ್ಞಾಮಾಲೆಯಲ್ಲಿಯೂ ಹಾಗೆಯೇ. ಹೊರ್ತಿಯನ್ನು ಬೀಡಾಗಿಟ್ಟುಕೊಂಡು ಸುತ್ತಣ ಊರುಗಳ ಕಲ್ಲುಗಳ ಚಿತ್ರಗಳನ್ನು ಒಬ್ಬ ಸಂಶೋಧಕನು ತೆಗೆದನೆಂದು ಇಟ್ಟುಕೊಳ್ಳಬಹುದು. ಆಗ ಊರು, ವರ್ಷ, ಕ್ರಮ, ಕಲ್ಲಿನ ಮುಖ ಇವು ಚಿತ್ರದಿಂದ ಚಿತ್ರಕ್ಕೆ ಬದಲಾಗುವುವು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕಂಬವನ್ನು ನೆನೆದರೆ ‘ಮುಖ’ವೇಕೆ ಬೇಕೆಂಬುದು ತಿಳಿಯುವುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಶಕ ೮೬೭ರ (ಕ್ರಿ. ಶ. ೯೪೫) ಶಾಲಾದಾನದ ಶಾಸನವಲ್ಲದೆ ಬೇರೆ ಲೇಖವೂ ಆ ಒಂದೇ ಕಂಬದ ಮೇಲಿದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂರನೆಯ ಆವೃತ್ತಿಯು (೨೦೦೮) ಚರಾಕ್ಷರಗಳಿಗೆ ಕನ್ನಡದ ಹೆಸರುಗಳನ್ನೂ ಒಪ್ಪುವುದು. ಆದುದರಿಂದ ಹೀಗೆ ಬರೆಯಬಹುದು:

ಕಡತ = ಊರು + "_" + ವರ್ಷ + "_" + ಕ್ರಮ + "_" + ಮುಖ + ಪ್ರತ್ಯಯ

ಉದ್ಧರಣಚಿಹ್ನೆಯೊಳಗಿರುವುದು ಸ್ಥಿರ, ಹೊರಗಿರುವುದು ಚರ. ‘ಪ್ರತ್ಯಯ’ವೆಂಬುದು ಚಿತ್ರದ ಬಗೆಯನ್ನು ತಿಳಿಸುವ ಕೊನೆಯ ತುಂಡು. ಫಲಿತವು ‘ಹೊರ್ತಿ_೨೦೨೪_೦೦೭_ಪೂರ್ವ’ ಎಂಬಂತೆ ಪ್ರತ್ಯಯಸಹಿತವಾಗಿ ಬರುವುದು.

ಆವರ್ತನೆಯಲ್ಲಿ ಒಂದೊಂದಾಗಿ ಚಿತ್ರಗಳನ್ನು ಉಳಿಸುವಾಗ ‘ಕ್ರಮ’ವೆಂಬ ಚರಾಕ್ಷರವನ್ನು ಉದ್ಧರಣಚಿಹ್ನೆಯೊಳಗೆ ಬರೆದುಬಿಟ್ಟರೆ ಅದು ಚರವಾಗಿರದೆ ಬರಿಯ ಶಬ್ದವಾಗುವುದು. ಆಗ ಒಂದೇ ಊರಿನ, ಒಂದೇ ವರ್ಷದ, ಒಂದೇ ಮುಖದ ಚಿತ್ರಗಳಿಗೆಲ್ಲ ಒಂದೇ ಹೆಸರು. ಚಿತ್ರವನ್ನುಳಿಸುವ ಸಾಮಾನ್ಯ ಆಜ್ಞೆಗಳು ಎಚ್ಚರಿಕೆಯ ಮಾತಿಲ್ಲದೆ ಹಿಂದಿನದರ ಮೇಲೆ ಮುಂದಿನದನ್ನು ಬರೆಯುವುವು. ಕೊನೆಗೆ ಉಳಿಯುವುದು ಕಡೆಯ ಚಿತ್ರವೊಂದೇ. ಆಜ್ಞಾಮಾಲೆಯು ಯಾವ ದೋಷವನ್ನೂ ತೋರಿಸದೆ ಮುಗಿಯುವುದರಿಂದ ಹಾನಿಯು ಬಹುಕಾಲದ ಮೇಲೆ ಗೊತ್ತಾಗುವುದು. ಅಷ್ಟರಲ್ಲಿ ಕಲ್ಲು ಸವೆದೋ ಒಡೆದೋ ಹೋಗಿರಬಹುದು.

೩

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದುಂಟು. ಅದಕ್ಕೆ ‘ಹೊರ್ತಿ’ ಎಂಬ ಹೆಸರೇ ನಿದರ್ಶನ. ಯೂನಿಕೋಡ್ ಪದ್ಧತಿಯಲ್ಲಿ ಈ ಪದಕ್ಕೆ ಹಕಾರ, ಒತ್ವ, ರಕಾರ, ವಿರಾಮ, ತಕಾರ, ಇತ್ವ ಎಂದು ಆರು ಸಂಕೇತಗಳು. ಆದರೆ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವ ಎಂದು ಬಿಡಿಸಿ ಎರಡಾಗಿಯೂ ಬರೆಯಬಹುದು. ಎರಡೂ ಶಾಸ್ತ್ರಸಮ್ಮತವೇ, ಕಣ್ಣಿಗೆ ಕಿಂಚಿತ್ತೂ ಭೇದವಿಲ್ಲ. ಯಂತ್ರಕ್ಕಾದರೋ ಒಂದು ಆರು ಸಂಕೇತಗಳ ಪದ, ಮತ್ತೊಂದು ಏಳು ಸಂಕೇತಗಳ ಪದ. ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಇವೆರಡೂ ಒಂದೇ ಸಂಪುಟದೊಳಗೆ ಬೇರೆ ಬೇರೆ ಕಡತಗಳಾಗಿ ನಿಲ್ಲಬಲ್ಲುವು. ಒಂದನ್ನು ಹುಡುಕಿದವನಿಗೆ ಇನ್ನೊಂದು ದೊರೆಯದಿರಬಹುದು. ಮ್ಯಾಕಿಂತೋಷ್ ಯಂತ್ರಗಳ ಹಿಂದಿನ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿದ್ದುದರಿಂದ ಯಂತ್ರದಿಂದ ಯಂತ್ರಕ್ಕೆ ಸಾಗಿದ ಸಂಗ್ರಹಗಳಲ್ಲಿ ಈ ತೊಡಕು ವಿಶೇಷ. ಈತ್ವ, ಏತ್ವ, ಐತ್ವ, ಓತ್ವಗಳಿಗೂ ಇದೇ ಗತಿ; ಆದುದರಿಂದ ‘ಸಾಲೋಟಗಿ’, ‘ಬಾಗೇವಾಡಿ’, ‘ಮುದ್ದೇಬಿಹಾಳ’ಗಳೂ ಇದರಿಂದ ಹೊರತಲ್ಲ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಚರಾಕ್ಷರದ ಹೆಸರಿನಲ್ಲಿ ಈ ಎರಡು ರೂಪಗಳಿದ್ದರೆ ಪೈಥಾನ್ ಅವನ್ನು ತಾನಾಗಿಯೇ ಸಮೀಕರಿಸಿ ಒಂದೆಂದು ಗಣಿಸುವುದು. ಉದ್ಧರಣಚಿಹ್ನೆಯೊಳಗಿನ ಪಠ್ಯವನ್ನು ಮಾತ್ರ ಮುಟ್ಟದು. ಅಲ್ಲಿ ಸಮೀಕರಣವನ್ನು ಬರೆಯುವವನೇ ಮಾಡತಕ್ಕದ್ದು. ಊರಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ ತಂದ ಮೇಲೆಯೇ ಕಡತದ ಹೆಸರನ್ನು ಕಟ್ಟಬೇಕು. ಅರ್ಕಾವತ್ತನ್ನು ತಪ್ಪಿಸಿ ರಕಾರದ ಕೆಳಗೆ ಒತ್ತಕ್ಷರ ಬರುವಂತೆ ಮಾಡಲು ಸೇರಿಸುವ ಅದೃಶ್ಯಚಿಹ್ನೆಯಾದರೋ ಈ ಸಮೀಕರಣದಿಂದಲೂ ಅಳಿಯದು; ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು. ಪ್ರತಿ ಸಾರಿಯೂ ಊರಹೆಸರನ್ನು ಹೊಸದಾಗಿ ಬೆರಳಚ್ಚಿಸದೆ ಶುದ್ಧಪಡಿಸಿದ ಒಂದು ಪಟ್ಟಿಯಿಂದಲೇ ತೆಗೆದುಕೊಳ್ಳುವುದು ಉತ್ತಮ ಮಾರ್ಗ.

೪

ಇನ್ನು ಅಂಕಿಗಳು. ಯಂತ್ರವು ಹೆಸರುಗಳನ್ನು ಅಕಾರಾದಿಯಂತೆ ಒಂದೊಂದೇ ಅಕ್ಷರವಾಗಿ ಹೋಲಿಸಿ ಜೋಡಿಸುವಾಗ ೧ರ ಬಳಿಕ ೧೦ ಬರುವುದು, ೨ ಅದರ ಹಿಂದೆ ಬೀಳುವುದು. ೦೦೧, ೦೦೨, ೦೧೦ ಎಂದು ಸೊನ್ನೆಗಳನ್ನು ಮುಂದಿಟ್ಟರೆ ಕ್ರಮ ಕೆಡದು. ಕನ್ನಡದ ಅಂಕಿ, ಯೂರೋಪೀಯ ಅಂಕಿ ಇವುಗಳಲ್ಲಿ ಒಂದನ್ನೇ ಹಿಡಿಯಬೇಕು. ಪೈಥಾನ್ ಕನ್ನಡದ ಅಂಕಿಗಳನ್ನೂ ಸಂಖ್ಯೆಯೆಂದು ಓದಬಲ್ಲುದಾದರೂ ಮರಳಿ ಬರೆಯುವಾಗ ಯೂರೋಪೀಯ ಅಂಕಿಗಳನ್ನೇ ಬರೆಯುವುದು. ವರ್ಷಗಳ ನಡುವೆ ಓರೆಗೆರೆಯನ್ನು ಹಾಕಬಾರದು. ಯಂತ್ರವು ಅದನ್ನು ಕಡತಗಳನ್ನಿಡುವ ಮನೆಯ ಗಡಿಯೆಂದು ತಿಳಿಯುವುದು. ಅನೇಕ ವ್ಯವಸ್ಥೆಗಳಲ್ಲಿ ಹೆಸರಿನ ಉದ್ದಕ್ಕೆ ೨೫೫ ಬೈಟುಗಳ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೂ ಸಾಧಾರಣವಾಗಿ ಮೂರು ಬೈಟುಗಳು ಬೇಕಾದುದರಿಂದ ೮೫ ಸಂಕೇತಗಳನ್ನು ಮೀರಲಾಗದು.

ಹೆಸರಿನಲ್ಲಿ ಸೇರಬಾರದ ಅಂಗಗಳೂ ಉಂಟು. ಮೊದಲನೆಯದು ತಾಲ್ಲೂಕು. ಬಿಜಾಪುರವು ೨೦೧೪ರಲ್ಲಿ ವಿಜಯಪುರವಾಯಿತು. ಅದಾದ ಮೇಲೆ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ಕೊಲ್ಹಾರ, ನಿಡಗುಂದಿಗಳು ಬೇರೆ ತಾಲ್ಲೂಕುಗಳಾದುವು. ಕಲ್ಲು ಇದ್ದಲ್ಲಿಯೇ ಇದೆ, ತಾಲ್ಲೂಕು ಬದಲಾಯಿತು. ಎರಡನೆಯದು ಅರಸನ ಹೆಸರು, ಕಾಲ ಮೊದಲಾದ ನಿರ್ಣಯಗಳು. ಪಾಠವು ಪರಿಷ್ಕೃತವಾದಂತೆ ಇವು ತಿದ್ದುಪಡಿ ಹೊಂದುವುವು. ಇಂಥವನ್ನು ಹೆಸರಿನೊಡನೆ ತಾಳೆ ನೋಡಬಹುದಾದ ಬೇರೊಂದು ಪಟ್ಟಿಯಲ್ಲಿ ಬರೆದಿಡುವುದು ಯುಕ್ತ.

೫

ಒಟ್ಟಿನಲ್ಲಿ, ಚಿತ್ರದಿಂದ ಚಿತ್ರಕ್ಕೆ ಬದಲಾಗುವ ಅಂಗವು ಹೆಸರಿನಲ್ಲಿಯೂ ಬದಲಾಗಬೇಕು. ಬದಲಾಗಬಾರದ ಅಕ್ಷರರೂಪವು ಎಲ್ಲೆಲ್ಲಿಯೂ ಒಂದೇ ಆಗಿರಬೇಕು. ಉಳಿಸುವ ಮುನ್ನ ಆ ಹೆಸರಿನ ಕಡತವು ಮೊದಲೇ ಇದೆಯೇ ಎಂದು ಆಜ್ಞಾಮಾಲೆಯೇ ಪರೀಕ್ಷಿಸಿ, ಇದ್ದರೆ ಬರೆಯದೆ ನಿಲ್ಲಬೇಕು. ಕೊನೆಯಲ್ಲಿ ತೆಗೆದ ಚಿತ್ರಗಳೆಷ್ಟು, ಉಳಿದ ಕಡತಗಳೆಷ್ಟು ಎಂದು ಎಣಿಸಿ ಸರಿನೋಡಬೇಕು. ಪಡಿಯಚ್ಚಿನ ಮೂಲೆಯಲ್ಲಿ ಸಂಖ್ಯೆಯನ್ನೂ ವರ್ಷವನ್ನೂ ತಪ್ಪದೆ ಬರೆಯುತ್ತಿದ್ದ ಹಿಂದಿನವರ ಎಚ್ಚರವೇ ಇದು. ಬರೆಯುವ ಕೈ ಮಾತ್ರ ಬೇರೆ.