ಇಲಿಗೆ ವಾಸಿಯಾಯ್ತು, ಮನುಷ್ಯನಿಗೆ ಯಾವಾಗ?

"ಕ್ಯಾನ್ಸರ್‌ಗೆ ಔಷಧಿ ಸಿಕ್ಕೇಬಿಡ್ತು!" ವರ್ಷಕ್ಕೆ ನಾಲ್ಕಾರು ಸಲವಾದರೂ ಇಂಥ ಸುದ್ದಿ ನಿಮ್ಮ ಮೊಬೈಲಿಗೆ ಬಂದು ಬೀಳುತ್ತೆ. ಪೂರ್ತಿ ಓದಿದ್ರೆ ಕೊನೇಲಿ ಒಂದು ಸಾಲು ಇರುತ್ತೆ, ಪ್ರಯೋಗ ನಡೆದದ್ದು ಇಲಿಗಳ ಮೇಲೆ ಅಂತ. ಆ ಸಾಲಿನವರೆಗೆ ಹೋಗೋವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಫಾರ್ವರ್ಡ್ ಮಾತ್ರ ಆಗ್ತಾನೇ ಇರುತ್ತೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಎಷ್ಟೋ ಮನೆಗಳಲ್ಲಿ ಈ ಸುದ್ದಿಗೆ ಬೇರೆಯೇ ತೂಕ ಇದೆ. ಮನೆಯಲ್ಲೊಬ್ಬರು ಬಾಯಿ ಕ್ಯಾನ್ಸರ್ ಅಂತ ಹುಬ್ಬಳ್ಳಿ ನವನಗರದ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಓಡಾಡ್ತಿದ್ರೆ, "ಇಲಿಗಿ ಆರಾಮ ಆಗೇತಂತ, ಮತ್ತ ನಮ್ಮಪ್ಪಗ ಯಾಕ ಕೊಡವಲ್ರು?" ಅನ್ನೋ ಪ್ರಶ್ನೆ ಹುಟ್ಟೇ ಹುಟ್ಟುತ್ತೆ. ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಉತ್ತರ ಬೇಕು ಅಂದ್ರೆ, ಆ ಇಲಿ ಎಂಥದ್ದು ಅಂತ ಮೊದಲು ತಿಳ್ಕೋಬೇಕು.

ಅದು ನಮ್ಮ ಮನೆ ಅಟ್ಟದ ಮೇಲೆ ಓಡಾಡೋ ಇಲಿ ಅಲ್ಲ. ಬಾಗಲಕೋಟೆ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಕಸಿ ಅಂದ್ರೇನು ಅಂತ ಹೇಳಿಕೊಡಬೇಕಿಲ್ಲ. ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಥಾಮ್ಸನ್ ಕಡ್ಡಿ ಕಟ್ಟಿದ್ರೆ ಎರಡೂ ಕೂಡಿಕೊಂಡು ಬೆಳೀತವೆ. ಪ್ರಾಣಿಯ ದೇಹ ಹಾಗಲ್ಲ. ಮನುಷ್ಯನ ಗಡ್ಡೆಯ ಚೂರನ್ನು ಸಾಮಾನ್ಯ ಇಲಿಯ ಚರ್ಮದ ಕೆಳಗೆ ಇಟ್ರೆ, ಅದರ ರೋಗನಿರೋಧಕ ಶಕ್ತಿ "ಇದು ನನ್ನದಲ್ಲ" ಅಂತ ಗುರುತು ಹಿಡಿದು ಕೆಲವೇ ದಿನಗಳಲ್ಲಿ ನಾಶ ಮಾಡಿಬಿಡುತ್ತೆ. ಹಾಗಾಗಿ ಮನುಷ್ಯನ ಕ್ಯಾನ್ಸರನ್ನು ಪ್ರಾಣಿಯೊಳಗೆ ಬೆಳೆಸಿ ಔಷಧಿ ಕೊಟ್ಟು ನೋಡಬೇಕಾದ್ರೆ, ಈ ಕಾವಲೇ ಇಲ್ಲದ ಪ್ರಾಣಿ ಬೇಕಾಗಿತ್ತು.

ಅಂಥ ಪ್ರಾಣಿ ಸಿಕ್ಕಿದ್ದು ಆಕಸ್ಮಿಕವಾಗಿ. 1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೈಮೇಲೆ ಕೂದಲೇ ಇಲ್ಲದ ಚಿಕ್ಕಿಲಿಗಳು ಹುಟ್ಟಿದವು. ಇವಕ್ಕೆ ಥೈಮಸ್ ಗ್ರಂಥಿಯೂ ಇಲ್ಲ ಅನ್ನೋದು 1968ರಲ್ಲಿ ಗೊತ್ತಾಯ್ತು. ಥೈಮಸ್ ಅಂದ್ರೆ ಎದೆಮೂಳೆಯ ಹಿಂದಿರೋ ಗ್ರಂಥಿ. ದೇಹ ಕಾಯೋ ಟಿ ಕಣಗಳು ತರಬೇತಿ ಪಡೆಯೋದು ಅಲ್ಲೇ. ಶಾಲೆಯೇ ಇಲ್ಲ ಅಂದ್ಮೇಲೆ ಕಾವಲುಗಾರ ಎಲ್ಲಿಂದ ಬರ್ತಾನೆ? ಮರುವರ್ಷವೇ, 1969ರಲ್ಲಿ, ಡೆನ್ಮಾರ್ಕಿನ ವಿಜ್ಞಾನಿಗಳು ಮನುಷ್ಯನ ಕರುಳಿನ ಕ್ಯಾನ್ಸರನ್ನು ಇಂಥ ಇಲಿಯಲ್ಲಿ ಬೆಳೆಸಿ ತೋರಿಸಿದರು.

ಇಲ್ಲೊಂದು ಮಾತು. ಕನ್ನಡದಲ್ಲಿ ನಾವು ಎಲ್ಲದಕ್ಕೂ ಇಲಿ ಅಂದುಬಿಡ್ತೀವಿ. ಪ್ರಯೋಗಾಲಯದಲ್ಲಿ ಮೌಸ್ ಬೇರೆ, ರ್‍ಯಾಟ್ ಬೇರೆ. ಮೌಸ್ 25-30 ಗ್ರಾಂ ತೂಗೋ ಚಿಕ್ಕಿಲಿ. ರ್‍ಯಾಟ್ ಅದರ ಹತ್ತು ಪಟ್ಟು ದೊಡ್ಡದು. ದೊಡ್ಡ ಇಲಿಯಿಂದ ಲಾಭ ಇದೆ. ಗಡ್ಡೆ ದೊಡ್ಡದಾಗಿ ಬೆಳೆಯುತ್ತೆ, ಒಂದೇ ಪ್ರಾಣಿಯಿಂದ ಹಲವು ಸಲ ರಕ್ತ ತೆಗೆದು ಪರೀಕ್ಷೆ ಮಾಡಬಹುದು, ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ಸುಲಭ. ಔಷಧಿಯ ವಿಷಪರಿಣಾಮ ಎಷ್ಟು ಅಂತ ನೋಡೋದು ಸಾಮಾನ್ಯವಾಗಿ ರ್‍ಯಾಟ್‌ಗಳಲ್ಲೇ. ಗುಣವನ್ನೂ ಅದರಲ್ಲೇ ನೋಡಿದ್ರೆ ಎರಡನ್ನೂ ಹೋಲಿಸಬಹುದು.

ಆದ್ರೆ ಕೂದಲಿಲ್ಲದ ದೊಡ್ಡ ಇಲಿಯಲ್ಲಿ ಟಿ ಕಣ ಇಲ್ಲದಿದ್ರೂ ಉಳಿದ ಕಾವಲು ಕಣಗಳು ಇರ್ತವೆ. ಹಾಗಾಗಿ ಮನುಷ್ಯನ ಗಡ್ಡೆ ಒಂದರಲ್ಲಿ ನಿಂತ್ರೆ ಇನ್ನೊಂದರಲ್ಲಿ ನಿಲ್ತಿರಲಿಲ್ಲ. ವಂಶವಾಹಿಯನ್ನೇ ಕತ್ತರಿಸಿ ತಿದ್ದೋ ತಂತ್ರ 2009ರಲ್ಲಿ ರ್‍ಯಾಟ್‌ಗಳಲ್ಲಿ ಯಶಸ್ವಿಯಾದ ಮೇಲೆ, ಟಿ ಕಣ, ಬಿ ಕಣ ಸೇರಿದಂತೆ ಮುಖ್ಯ ಕಾವಲುಗಳೆಲ್ಲವನ್ನೂ ತೆಗೆದ ದೊಡ್ಡ ಇಲಿಗಳು ಬಂದವು. ಇವುಗಳ ಆರೈಕೆ ಸುಲಭ ಅಲ್ಲ. ಸೋಸಿದ ಗಾಳಿ, ಕ್ರಿಮಿ ಕೊಂದ ಆಹಾರ, ನೀರು, ಪಂಜರ ಎಲ್ಲ ಬೇಕು. ನಮಗೆ ನೆಗಡಿ ಕೊಡೋಷ್ಟೂ ಜೋರಿಲ್ಲದ ಒಂದು ಸೂಕ್ಷ್ಮಾಣು ಸಾಕು, ಇವುಗಳ ಪ್ರಾಣ ಹೋಗೋಕೆ.

ಈಗ ಆ ಪ್ರಶ್ನೆಗೆ ಬರೋಣ. ಇಲಿಗೆ ವಾಸಿಯಾದ್ರೆ ನಮಗ್ಯಾಕಿಲ್ಲ?

ಒಂದು, ಗಡ್ಡೆ ಮನುಷ್ಯನದಾದ್ರೂ ಸುತ್ತಲಿನ ರಕ್ತನಾಳ, ಔಷಧಿ ಅರಗಿಸೋ ಯಕೃತ್ತು ಎಲ್ಲ ಇಲಿಯದು. ಎರಡು, ಚರ್ಮದ ಕೆಳಗೆ ಕಸಿ ಮಾಡಿದ ಗಡ್ಡೆಗೂ, ವರ್ಷಗಟ್ಟಲೆ ತಂಬಾಕು ಇಟ್ಕೊಂಡ ಕೆನ್ನೆಯಲ್ಲಿ ಬೆಳೆದು ಕುತ್ತಿಗೆಯ ಗಂಟಿಗೆ ಇಳಿದ ಕ್ಯಾನ್ಸರ್‌ಗೂ ವ್ಯತ್ಯಾಸ ಇದೆ. ಮೂರನೇದು ಎಲ್ಲಕ್ಕಿಂತ ಮುಖ್ಯ. ಇವತ್ತಿನ ಹೊಸ ಔಷಧಿಗಳಲ್ಲಿ ಎಷ್ಟೋ ನಮ್ಮದೇ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡುತ್ತವೆ. ಆ ಶಕ್ತಿಯೇ ಇಲ್ಲದ ಇಲಿಯಲ್ಲಿ ಏನನ್ನು ಎಬ್ಬಿಸ್ತೀರಿ? ಅದಕ್ಕಾಗಿ ಮನುಷ್ಯನ ರಕ್ತಮೂಲ ಕಣಗಳನ್ನೂ ತುಂಬಿದ ಬೇರೆ ಇಲಿಗಳನ್ನು ತಯಾರು ಮಾಡಬೇಕಾಯ್ತು.

ಹಾಗಂತ ಇಲಿ ಪ್ರಯೋಗ ದಂಡ ಅಂತಲ್ಲ. ರಕ್ತದ ಕ್ಯಾನ್ಸರ್‌ಗೆ ಬಂದಿರೋ ಕಾರ್-ಟಿ ಚಿಕಿತ್ಸೆ ನೋಡಿ. ರೋಗಿಯದೇ ಟಿ ಕಣಗಳನ್ನು ತೆಗೆದು, ತಿದ್ದಿ, ವಾಪಸ್ ಕೊಡೋದು. ಇಂಥ ಕಣಗಳು ಮನುಷ್ಯನ ಕ್ಯಾನ್ಸರನ್ನು ಕೊಲ್ಲುತ್ತವಾ ಅಂತ ಮೊದಲು ನೋಡಿದ್ದು ಕಾವಲಿಲ್ಲದ ಚಿಕ್ಕಿಲಿಗಳಲ್ಲೇ. ಮುಂಬೈನ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಭಾರತದ ಮೊದಲ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ತು. ಆದ್ರೆ ಗಮನಿಸಿ, ಇಲಿಗೂ ಆ ಅನುಮತಿಗೂ ನಡುವೆ ಮನುಷ್ಯರ ಮೇಲಿನ ಪರೀಕ್ಷೆಗಳು ಹಂತ ಹಂತವಾಗಿ ನಡೆದಿದ್ದವು. ಆ ಹಂತಗಳಲ್ಲೇ ಬಹುಪಾಲು ಔಷಧಿಗಳು ಬಿದ್ದುಹೋಗ್ತವೆ.

ಇಲಿಯ ನೋವಿನ ಮಾತೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಯೋಗಗಳ ಮೇಲೆ ಕೇಂದ್ರದ ಸಮಿತಿಯ ನಿಗಾ ಇರುತ್ತೆ, ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಒಪ್ಪಬೇಕು. 2023ರಲ್ಲಿ ನಮ್ಮ ಔಷಧ ನಿಯಮಗಳು ತಿದ್ದುಪಡಿಯಾಗಿ, ಪ್ರಾಣಿಯಿಲ್ಲದ ಪರೀಕ್ಷಾ ವಿಧಾನಗಳಿಗೂ ದಾರಿ ತೆರೆದಿವೆ.

ಮುಂದಿನ ಸಲ ಸುದ್ದಿ ಬಂದಾಗ ಮೂರೇ ಪ್ರಶ್ನೆ ಕೇಳಿ. ಪ್ರಯೋಗ ಇಲಿಯ ಮೇಲಾ, ಮನುಷ್ಯರ ಮೇಲಾ? ಮನುಷ್ಯರಾದ್ರೆ ಎಷ್ಟು ಜನ? ಯಾವ ಕ್ಯಾನ್ಸರ್, ಯಾವ ಹಂತ? ಉತ್ತರ ಇಲಿ ಅಂತಾದ್ರೆ, ಆ ಔಷಧಿ ನಿಮ್ಮೂರಿಗೆ ಬರೋಕೆ ಇನ್ನೂ ವರ್ಷಗಳಿವೆ, ಬರದೆಯೂ ಹೋಗಬಹುದು. ಅದನ್ನು ಕಾಯ್ತಾ ಕೂತು ಈಗ ನಡೀತಿರೋ ಕರೆಂಟು, ಕೀಮೋ ಬಿಡಬೇಡಿ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆದರೂ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಅಂತ ಅಂಗಡಿಯಲ್ಲಿ ನೇತಾಡ್ತಾನೇ ಇದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದ್ರೂ ಮಾಯದ ಹುಣ್ಣು, ಪೂರ್ತಿ ತೆರೆಯದ ಬಾಯಿ, ಇವುಗಳಲ್ಲಿ ಒಂದು ಕಂಡ್ರೂ ನಾಳೆಯೇ ಡಾಕ್ಟರಿಗೆ ತೋರಿಸಿ. ಬಾಯಿ ಕ್ಯಾನ್ಸರ್ ಮೊದಲ ಹಂತದಲ್ಲಿ ಸಿಕ್ಕರೆ ಗುಣ ಮಾಡೋ ಚಿಕಿತ್ಸೆ ಇವತ್ತೇ ಇದೆ. ಅದಕ್ಕೆ ಯಾವ ಇಲಿಯನ್ನೂ ಕಾಯಬೇಕಿಲ್ಲ.