ಜವಾಬ್ದಾರಿ ಸರ್ಕಾರಕ್ಕಾಗಿ ಕೆ. ಸಿ. ರೆಡ್ಡಿ

ಮಡಕಶಿರಾ ತಾಲೂಕಿನ ಗುಡಿಬಂಡೆಯ ಸುತ್ತಲಿನ ಕನ್ನಡ ಹಳ್ಳಿಗಳು ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯಲ್ಲಿದ್ದುದರಿಂದ 1947ರ ಆಗಸ್ಟ್ 15ರಂದು ಬ್ರಿಟಿಷರ ನೇರ ಆಡಳಿತದಿಂದ ಬಿಡುಗಡೆ ಹೊಂದಿದವು. ಆದರೆ ಗಡಿಯಾಚೆಯ ಶಿರಾ, ಮಧುಗಿರಿ, ಗೌರಿಬಿದನೂರು ಸೀಮೆಯಲ್ಲಿದ್ದ ಅವುಗಳ ನೆಂಟರಿಷ್ಟರು ಮೈಸೂರು ಮಹಾರಾಜರ ಪ್ರಜೆಗಳಾಗಿಯೇ ಉಳಿದರು. ಮೈಸೂರು ಭಾರತ ಒಕ್ಕೂಟವನ್ನು ಸೇರಲು ಒಪ್ಪಿತ್ತಾದರೂ, ಆಡಳಿತದ ಸೂತ್ರ ಮಹಾರಾಜರು ನೇಮಿಸಿದ ದಿವಾನರಾದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲಿತ್ತು. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇದ್ದರೂ ದಿವಾನರನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಮಂತ್ರಿಗಳು ದೊರೆಗಲ್ಲದೆ ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಆಡಳಿತವೇ ಆಗ ಎಲ್ಲರ ಬಾಯಲ್ಲಿದ್ದ ‘ಜವಾಬ್ದಾರಿ ಸರ್ಕಾರ’.

ಇದೇ ಬೇಡಿಕೆಯನ್ನು ಹಂಗರಿಯ ವಕೀಲ ಲಾಯೋಶ್ ಕೊಶೂತ್ 1848ರ ಮಾರ್ಚ್‌ನಲ್ಲಿ ಹ್ಯಾಬ್ಸ್‌ಬರ್ಗ್ ದೊರೆಯ ಮುಂದಿಟ್ಟಿದ್ದನು. ಬೇಡಿಕೆ ಕೆಲವೇ ವಾರಗಳಲ್ಲಿ ಈಡೇರಿ ಅವನು ಹಣಕಾಸು ಮಂತ್ರಿಯಾದರೂ, ಮರುವರ್ಷ ಸ್ವಾತಂತ್ರ್ಯ ಘೋಷಣೆಯಾಗಿ, ರಷ್ಯದ ಸೇನೆ ಹ್ಯಾಬ್ಸ್‌ಬರ್ಗರ ನೆರವಿಗೆ ಬಂದು, ಕ್ರಾಂತಿ ಸೋತಿತು. ಕೊಶೂತ್ ದೇಶಭ್ರಷ್ಟನಾಗಿ 1894ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ತೀರಿಕೊಂಡನು.

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಜನಿಸಿ, ಮೈಸೂರಿನಲ್ಲಿ ಈ ಬೇಡಿಕೆಯ ಮುಂದಾಳಾದ ಕೆ. ಸಿ. (ಚೆಂಗಲರಾಯ) ರೆಡ್ಡಿಯವರೂ ಕಾನೂನು ಓದಿದವರೇ, ಆದರೆ ಕೊಶೂತ್‌ನಂತೆ ಮಾತಿನಿಂದ ಬೆಂಕಿ ಹಚ್ಚುವವರಲ್ಲ. ಪ್ರಜಾಪಕ್ಷದಿಂದ ಕಾಂಗ್ರೆಸ್ಸಿಗೆ ಬಂದ ಅವರ ರಾಜಕೀಯ ಪಕ್ವವಾದದ್ದು 1938ರ ಆಸುಪಾಸಿನಲ್ಲಿ. ಆ ವರ್ಷದ ಏಪ್ರಿಲ್ 25ರಂದು, ಹಿಂದೂಪುರಕ್ಕೆ ಹತ್ತಿರದಲ್ಲಿ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥದಲ್ಲಿ, ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜ ಹಾರಿಸಲು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಎಂದೂ ತಾಳೆಯಾಗಲಿಲ್ಲ. ಅನಂತರ ಸರ್ದಾರ್ ಪಟೇಲ್ ಮತ್ತು ಆಗಿನ ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಧ್ವಜಕ್ಕೆ ಮನ್ನಣೆ ದೊರೆತರೂ ಅಧಿಕಾರ ಮಾತ್ರ ಕದಲಲಿಲ್ಲ.

ರೆಡ್ಡಿಯವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ 1947ರ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಸತ್ಯಾಗ್ರಹ ಆರಂಭಿಸಿದಾಗ, ಮೊದಲಲ್ಲೇ ನಾಯಕರು ಬಂಧಿತರಾದರೂ ಚಳವಳಿ ಅಡಗಲಿಲ್ಲ, ಏಕೆಂದರೆ ಅದಕ್ಕೆ ಗಡಿಯಾಚೆ ನೆಲೆಯಿತ್ತು. ಸಂಸ್ಥಾನದ ಪೊಲೀಸರಿಗೆ ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಅಧಿಕಾರವಿರಲಿಲ್ಲ. ಮೈಸೂರಿನ ನೆಲದೊಳಕ್ಕೆ ಚಾಚಿಕೊಂಡಿದ್ದ ಮಡಕಶಿರಾ, ಹಿಂದೂಪುರ ತಾಲೂಕುಗಳೂ ಅಂಥ ನೆಲವೇ. ಪತ್ರಿಕೆಗಳ ಮೇಲೆ ಹತೋಟಿ ಬಿಗಿಯಾದಾಗ ಎಚ್. ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಹಿಂದೂಪುರಕ್ಕೆ ಸಾಗಿಸಿ ಅಲ್ಲಿಂದ ಹೊರಡಿಸಿದ್ದು ಈ ಅನುಕೂಲದಿಂದಲೇ. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ ಮೇಲಂತೂ ಜನರ ಸಿಟ್ಟು ತಣಿಯಲಿಲ್ಲ.

ಅಕ್ಟೋಬರ್‌ನಲ್ಲಿ ರಾಜಿಯಾಗಿ, 25ರಂದು ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಗಮನಿಸಬೇಕಾದದ್ದು ಅವರು ಬಿಟ್ಟುಕೊಟ್ಟಿದ್ದನ್ನು: ಮಹಾರಾಜರು ಸಿಂಹಾಸನದಲ್ಲಿ ಉಳಿದರು, ಕಾಂಗ್ರೆಸ್ಸೇತರರಿಗೂ ಸಂಪುಟದಲ್ಲಿ ಸ್ಥಾನ ದೊರೆಯಿತು, ಜನರ ಕೋಪಕ್ಕೆ ಗುರಿಯಾಗಿದ್ದ ದಿವಾನರು ಕೂಡ 1949ರವರೆಗೆ ಹುದ್ದೆಯಲ್ಲಿದ್ದರು. ಬೀದಿಯಲ್ಲಿ ಗೆದ್ದವರಿಗೆ ಇದು ಅರೆಗೆಲುವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೂ ಅಧಿಕಾರ ಒಮ್ಮೆ ಮಂತ್ರಿಮಂಡಲದ ಕೈಗೆ ಬಂದ ಮೇಲೆ ದಿವಾನಗಿರಿಯೇ ಎರಡು ವರ್ಷಗಳಲ್ಲಿ ತಾನಾಗಿ ಕೊನೆಗೊಂಡಿತು.

ರೆಡ್ಡಿಯವರು 1952ರ ಮಾರ್ಚ್‌ವರೆಗೆ ಆಡಳಿತ ನಡೆಸಿ, ಮುಂದೆ ಕೇಂದ್ರ ಮಂತ್ರಿಯಾಗಿ, ಮಧ್ಯಪ್ರದೇಶದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿ 1976ರಲ್ಲಿ ನಿಧನರಾದರು. ಅವರು ಮುಖ್ಯಮಂತ್ರಿ ಪದವಿ ಬಿಟ್ಟ ಮರುವರ್ಷ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಬಂದವು. ಅದೇ ಜಿಲ್ಲೆಯ ರಾಯದುರ್ಗ ಆಂಧ್ರಕ್ಕೆ ಹೋಯಿತು, ಗುಡಿಬಂಡೆಯಿದ್ದ ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು.